ಎಸ್‌ಎಟಿ ಸ್ಕೋರ್ ಕಳಿಸಬೇಕಾ, ಬೇಡವಾ? ಹೈಸ್ಕೂಲ್ ಮಕ್ಕಳಿರುವ ಹೊಸ ಕುಟುಂಬಗಳಿಗೆ

ಡಲ್ಲಾಸ್ ಕಡೆಗೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಒಂಬತ್ತನೇ ತರಗತಿಯಿಂದ ಹನ್ನೆರಡರ ಒಳಗಿನ ಮಗ ಅಥವಾ ಮಗಳಿದ್ದಾರೆ ಅಂದರೆ ಈ ಮಾರ್ಗದರ್ಶಿಯ ಈ ಭಾಗ ನಿಮಗೆ. ಎಸ್‌ಎಟಿ ಅಂದರೆ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ. ಅದರ ಸ್ಕೋರನ್ನು ಅರ್ಜಿಯ ಜೊತೆ ಕಳಿಸಬೇಕಾ ಬೇಡವಾ ಅನ್ನುವುದೇ ಇಲ್ಲಿನ ವಿಷಯ. ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು ಸದ್ಯಕ್ಕೆ ಹೆಸರಿನ ವಿಷಯ ಒಂದನ್ನು ಓದಿಕೊಂಡರೆ ಸಾಕು. ಅದನ್ನು ಮಾತ್ರ ಬಿಡಬೇಡಿ.

ಮೊದಲು ತಲೆಯಿಂದ ಸಿಇಟಿ ತೆಗೆಯಿರಿ

ನಾವೆಲ್ಲ ಬೆಳೆದಿದ್ದು ರ‍್ಯಾಂಕ್ ಲೆಕ್ಕದಲ್ಲಿ. ಪಿಯುಸಿ ಮಾರ್ಕ್ಸ್, ಸಿಇಟಿ ಮಾರ್ಕ್ಸ್, ಎರಡೂ ಸೇರಿ ಒಂದು ರ‍್ಯಾಂಕ್, ರ‍್ಯಾಂಕಿಗೆ ತಕ್ಕ ಸೀಟು. ಮಾರ್ಕ್ಸ್ ತೋರಿಸುತ್ತೀರಾ ಇಲ್ವಾ ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಕೇಳುತ್ತಾರೆ. ಇಲ್ಲಿ ಸ್ಕೋರ್‌ನಿಂದ ಸೀಟು ಹಂಚುವ ಪದ್ಧತಿ ಇಲ್ಲ. ನಾಲ್ಕು ವರ್ಷದ ಗ್ರೇಡ್, ತೆಗೆದುಕೊಂಡ ಕೋರ್ಸ್‌ಗಳು, ಪ್ರಬಂಧ, ಟೀಚರ್ ಪತ್ರ, ಶಾಲೆಯ ಹೊರಗಿನ ಕೆಲಸ, ಇವುಗಳ ಜೊತೆ ಸ್ಕೋರ್ ಕೂಡ ಒಂದು. 1550 ಬಂದ ಮಗುವಿಗೆ ಸಿಗದ ಕಾಲೇಜು 1450 ಬಂದ ಮಗುವಿಗೆ ಸಿಗಬಹುದು. ಇದನ್ನು ಅನ್ಯಾಯ ಅಂತ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ. ಅದರಿಂದ ಮಕ್ಕಳಿಗೆ ಏನೂ ಉಪಯೋಗವಿಲ್ಲ.

ಪರೀಕ್ಷೆ ಎರಡಿವೆ. ಎಸ್‌ಎಟಿ 1600ಕ್ಕೆ: ಇಂಗ್ಲಿಷ್ ಓದು-ಬರಹ 800, ಗಣಿತ 800. 2024ರ ಮಾರ್ಚ್‌ನಿಂದ ಇಲ್ಲಿ ಪೂರ್ತಿ ಕಂಪ್ಯೂಟರ್ ಮೇಲೆ, 2 ಗಂಟೆ 14 ನಿಮಿಷ. ಎಸಿಟಿ 36ಕ್ಕೆ. ಅದರಲ್ಲಿ 2025ರಿಂದ ಸೈನ್ಸ್ ಭಾಗ ಬೇಕಾದವರಿಗೆ ಮಾತ್ರ. ಕಾಲೇಜುಗಳಿಗೆ ಯಾವುದಾದರೂ ಸರಿ. ಮನೆಯಲ್ಲೇ ಎರಡರದ್ದೂ ಒಂದೊಂದು ಮಾದರಿ ಪರೀಕ್ಷೆ ಬರೆಸಿ, ಮಗುವಿಗೆ ಯಾವುದು ಸಲೀಸು ಅನ್ನಿಸುತ್ತದೋ ಅದನ್ನೇ ಹಿಡಿಯಿರಿ. ಎರಡನ್ನೂ ಓದಿಸಿ ಸುಮ್ನೆ ದಣಿಸಬೇಡಿ.

ಕಾಲೇಜುಗಳಲ್ಲಿ ಮೂರು ಬಗೆ

ಸ್ಕೋರ್ ಬೇಕೇ ಬೇಕು ಅನ್ನುವವರು: ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಅದೇ ದಾರಿ ಹಿಡಿದವು. ನಮ್ಮ ಯುಟಿ ಆಸ್ಟಿನ್ (ಯುನಿವರ್ಸಿಟಿ ಆಫ್ ಟೆಕ್ಸಾಸ್) ಕೂಡ ಅದೇ ವರ್ಷ. ಪರ್ಡ್ಯೂ, ಜಾರ್ಜಿಯಾ ಟೆಕ್, ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳೂ ಕೇಳುತ್ತವೆ.

ನೋಡುವುದೇ ಇಲ್ಲ ಅನ್ನುವವರು: ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಎಲ್ಲ ಕ್ಯಾಂಪಸ್‌ಗಳು, ಅಂದರೆ ಬರ್ಕ್‌ಲಿ, ಯುಸಿಎಲ್‌ಎ ಸೇರಿ. ಕ್ಯಾಲ್ ಸ್ಟೇಟ್ ಕ್ಯಾಂಪಸ್‌ಗಳೂ ಅಷ್ಟೇ. ಇವರಿಗೆ 1600 ಕಳಿಸಿದರೂ ಪ್ರವೇಶದ ನಿರ್ಧಾರದಲ್ಲಿ ಅದಕ್ಕೆ ಬೆಲೆ ಇಲ್ಲ.

ನಿಮ್ಮಿಷ್ಟ ಅನ್ನುವವರು: ಉಳಿದ ಬಹುಪಾಲು. ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲೇ.

ಈ ಪಟ್ಟಿ ಪ್ರತಿ ವರ್ಷ ಬದಲಾಗುತ್ತಿದೆ. ಅಕ್ಕನ ಕಾಲದಲ್ಲಿ ಬೇಡವಾಗಿದ್ದದ್ದು ತಮ್ಮನ ಕಾಲಕ್ಕೆ ಬೇಕಾಗಿರುತ್ತದೆ. ಮಗು ಅರ್ಜಿ ಹಾಕುವ ವರ್ಷ ಆಯಾ ಕಾಲೇಜಿನ ಅಡ್ಮಿಷನ್ ಪುಟವನ್ನೇ ನೋಡಿ. ಪಕ್ಕದ ಮನೆಯವರನ್ನು ಕೇಳಬೇಡಿ, ಈ ಮಾರ್ಗದರ್ಶಿಯನ್ನೂ ನೆಚ್ಚಿಕೊಳ್ಳಬೇಡಿ.

ಟೆಕ್ಸಾಸ್‌ನವರಿಗೆ ಇನ್ನೊಂದು ಮಾತು. ಯುಟಿ ಆಸ್ಟಿನ್‌ಗೆ ಕ್ಲಾಸ್ ರ‍್ಯಾಂಕ್ (ಹೈಸ್ಕೂಲಿನ ತನ್ನ ತರಗತಿಯಲ್ಲಿ ಮಗುವಿನ ಸ್ಥಾನ) ಮೇಲೆ ನೇರ ಪ್ರವೇಶ ಇದೆ. 2026ರ ಬ್ಯಾಚಿನಿಂದ ಅದು ಮೊದಲ 5%ಗೆ ಇಳಿದಿದೆ. ಆದರೆ ನೇರ ಪ್ರವೇಶ ಅಂದರೆ ವಿಶ್ವವಿದ್ಯಾಲಯಕ್ಕೆ ಪ್ರವೇಶ, ಕಂಪ್ಯೂಟರ್ ಸೈನ್ಸ್‌ಗೆ ಅಲ್ಲ. ನಮ್ಮವರಲ್ಲಿ ಹೆಚ್ಚಿನವರು ಕೇಳುವುದು ಅದೇ ಕೋರ್ಸ್. ಹಾಗಾಗಿ ರ‍್ಯಾಂಕ್ ಇದೆ ಅಂತ ಎಸ್‌ಎಟಿ ಓದನ್ನು ಸಡಿಲ ಬಿಡಬೇಡಿ.

ಕಳಿಸುವುದೋ ಬೇಡವೋ: ಲೆಕ್ಕ ಹಾಕಿ, ಊಹೆ ಬೇಡ

ಹೆಚ್ಚಿನ ಕಾಲೇಜುಗಳು ವರ್ಷಕ್ಕೊಮ್ಮೆ ಕಾಮನ್ ಡೇಟಾ ಸೆಟ್ ಅನ್ನುವ ಕಡತ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿ. ಅದರಲ್ಲಿ ಸಿ9 ಅನ್ನುವ ಭಾಗಕ್ಕೆ ಹೋಗಿ. ಸೇರಿದ ಮಕ್ಕಳಲ್ಲಿ ಶೇಕಡಾ ಎಷ್ಟು ಮಂದಿ ಸ್ಕೋರ್ ಕೊಟ್ಟಿದ್ದರು, ಅವರ 25ನೇ, 50ನೇ, 75ನೇ ಪರ್ಸೆಂಟೈಲ್ ಎಷ್ಟು, ಎಲ್ಲ ಅಲ್ಲಿದೆ. (75ನೇ ಪರ್ಸೆಂಟೈಲ್ ಅಂದರೆ 75% ಮಾರ್ಕ್ಸ್ ಅಲ್ಲ. ಸ್ಕೋರ್ ಕೊಟ್ಟ ನೂರು ಮಂದಿಯಲ್ಲಿ 75 ಮಂದಿ ಆ ಅಂಕಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಇದ್ದಾರೆ ಅಂತ.)

ಉದಾಹರಣೆಗೆ ಮಗಳಿಗೆ 1390 ಬಂದಿದೆ ಅಂದುಕೊಳ್ಳಿ. ಒಂದು ಕಾಲೇಜಿನ ಸಾಲು 1280, 1360, 1450 ಅಂತ ಇದ್ದರೆ ಕಣ್ಣು ಮುಚ್ಚಿ ಕಳಿಸಿ. ಇನ್ನೊಂದರ ಸಾಲು 1440, 1500, 1540 ಇದ್ದರೆ, ಸ್ಕೋರ್ ಐಚ್ಛಿಕವಾಗಿದ್ದರೆ, ಕಳಿಸಬೇಡಿ. ಅದೇ ಮಗಳು, ಅದೇ ಸ್ಕೋರ್, ಎರಡು ಕಾಲೇಜಿಗೆ ಎರಡು ನಿರ್ಧಾರ. ಇದರಲ್ಲಿ ನಾಚಿಕೆ ಪಡುವಂಥದ್ದೂ ಇಲ್ಲ, ಮೋಸವೂ ಇಲ್ಲ. ಕಾಲೇಜೇ ಕೊಟ್ಟಿರುವ ಆಯ್ಕೆ.

ಕಷ್ಟ ಇರುವುದು 25ಕ್ಕೂ 50ಕ್ಕೂ ನಡುವೆ ಬಿದ್ದಾಗ. ನನ್ನ ಅಭಿಪ್ರಾಯ ಹೇಳುತ್ತೇನೆ. ನಿಮ್ಮ ಮಗು ಹತ್ತನೇ ಕ್ಲಾಸ್ ತನಕ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಓದಿ ಈಗ ತಾನೇ ಬಂದಿದ್ದರೆ, ಕಳಿಸುವ ಕಡೆಗೇ ವಾಲಿ. ಇಲ್ಲಿನ ಗ್ರೇಡ್ ಒಂದೆರಡು ವರ್ಷದ್ದು ಮಾತ್ರ ಇರುತ್ತದೆ. ಊರಿನ ಶಾಲೆಯ ಮಾರ್ಕ್ಸ್ ಕಾರ್ಡ್‌ನಲ್ಲಿ 92% ಅಂದರೆ ಎಷ್ಟು ಒಳ್ಳೆಯದು ಅಂತ ಇಲ್ಲಿ ಅರ್ಜಿ ಓದುವವರಿಗೆ ಅಂದಾಜು ಸಿಗುವುದು ಕಷ್ಟ. ಎಸ್‌ಎಟಿ ಅವರಿಗೆ ಚೆನ್ನಾಗಿ ಗೊತ್ತಿರುವ ಅಳತೆ. ಅದನ್ನೂ ಬಚ್ಚಿಟ್ಟರೆ ಮಗುವಿನ ಪರವಾಗಿ ಮಾತಾಡಲು ಏನು ಉಳಿಯಿತು? ಹೊಸದಾಗಿ ಬಂದ ಮಕ್ಕಳಲ್ಲಿ ಗಣಿತ 780, ಇಂಗ್ಲಿಷ್ 600 ಅನ್ನುವಂಥ ಸ್ಕೋರ್ ತುಂಬ ನೋಡಿದ್ದೇವೆ. ಎಂಜಿನಿಯರಿಂಗ್‌ಗೆ ಅರ್ಜಿ ಹಾಕುವ ಮಗುವಿಗೆ ಆ 780 ದೊಡ್ಡ ಆಸ್ತಿ. ಒಟ್ಟು ಮೊತ್ತ ಒಂದನ್ನೇ ನೋಡಿ ಕೈಬಿಡಬೇಡಿ. ಸಿ9ರಲ್ಲಿ ಗಣಿತದ ಸಾಲು ಬೇರೆಯಾಗಿಯೇ ಇರುತ್ತದೆ, ಅದನ್ನೂ ನೋಡಿ.

ಇಲ್ಲೇ ಹುಟ್ಟಿ ಬೆಳೆದು, ಫ್ರಿಸ್ಕೊ ಪ್ಲೇನೊ ಕಡೆಯ ದೊಡ್ಡ ಹೈಸ್ಕೂಲುಗಳಲ್ಲಿ ಓದುವ ಮಕ್ಕಳ ವಿಷಯ ಬೇರೆ. ಅರ್ಜಿ ಓದುವವರು ಸ್ಕೋರನ್ನು ಆ ಶಾಲೆಯ ಉಳಿದ ಮಕ್ಕಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಅಲ್ಲಿ ಸ್ಪರ್ಧೆ ಜಾಸ್ತಿ. 25ರ ಹತ್ತಿರ ಇದ್ದರೆ ಬೇಡ, 50ರ ಹತ್ತಿರ ಇದ್ದರೆ ಕಳಿಸಿ.

ಇನ್ನೊಂದು ಎಚ್ಚರ. ಸ್ಕೋರ್ ಐಚ್ಛಿಕವಾಗಿರುವ ಕಡೆ ಚೆನ್ನಾಗಿ ಮಾಡಿದವರೇ ಕಳಿಸುತ್ತಾರೆ, ಹಾಗಾಗಿ ಸಿ9ರ ಅಂಕಿಗಳು ಉಬ್ಬಿರುತ್ತವೆ. ಯುಟಿ ಆಸ್ಟಿನ್ 2024ರಲ್ಲಿ ತನ್ನದೇ ಲೆಕ್ಕ ಹೊರಗಿಟ್ಟಿತು: ತಮ್ಮ ಸ್ಕೋರ್ ಪರಿಗಣಿಸಿ ಅಂದವರ ನಡುವಿನ ಸ್ಕೋರ್ 1420, ಬೇಡ ಅಂದವರದ್ದು 1160. ಕೇವಲ ಮೂರನೇ ಒಂದು ಭಾಗದ ಮಕ್ಕಳು ಸ್ಕೋರ್ ಕೊಟ್ಟಿರುವ ಕಾಲೇಜಿನ ಅಂಕಿ ನೋಡಿ ಹೆದರಬೇಡಿ. ಡಾರ್ಟ್‌ಮತ್ ಕೂಡ ಆ ವರ್ಷ ಇದನ್ನೇ ಹೇಳಿತು. ಅನುಕೂಲ ಕಡಿಮೆ ಇದ್ದ ಮಕ್ಕಳು, ಕಳಿಸಿದ್ದರೆ ಸಹಾಯವಾಗುತ್ತಿದ್ದ ಸ್ಕೋರನ್ನೇ ಹಿಡಿದಿಟ್ಟುಕೊಂಡಿದ್ದರಂತೆ.

ದುಡ್ಡಿನ ವಿಷಯ ಮರೆಯಬೇಡಿ. ಎಚ್-4 ವೀಸಾದ (ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ನೆರವು ಸಿಗುವುದಿಲ್ಲ. ಮುಖ್ಯವಾಗಿ ಉಳಿಯುವುದು ಕಾಲೇಜೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್. ಯುನಿವರ್ಸಿಟಿ ಆಫ್ ಅಲಬಾಮಾದಂಥ ಕಡೆ ಗ್ರೇಡ್ ಜೊತೆ ಸ್ಕೋರ್ ಇಷ್ಟಿದ್ದರೆ ಇಷ್ಟು ಅಂತ ಪಟ್ಟಿಯೇ ಇದೆ. ಪ್ರವೇಶಕ್ಕೆ ಬೇಡದ ಸ್ಕೋರ್ ಫೀಸ್ ಇಳಿಸಲು ಬೇಕಾಗಬಹುದು. ಕೇಳಿ ನೋಡಿ.

ಹೆಸರು, ಹೆಸರು, ಹೆಸರು

ಇದನ್ನು ಬೇಕೆಂದೇ ಉದ್ದ ಬರೆಯುತ್ತಿದ್ದೇನೆ. ನಮ್ಮಲ್ಲಿ ಇನಿಶಿಯಲ್ ಇರುತ್ತದೆ, ಊರಿನ ಹೆಸರಿರುತ್ತದೆ, ಅಪ್ಪನ ಹೆಸರಿರುತ್ತದೆ, ಸರ್‌ನೇಮ್ ಅನ್ನುವುದು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ, ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿಬಿಡುತ್ತದೆ, ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬೀಳುತ್ತದೆ. ಶಾಲೆಯವರು ವೀಸಾ ನೋಡಿ ಹಾಗೇ ಟೈಪ್ ಮಾಡುತ್ತಾರೆ.

ನಮ್ಮ ಮನೆಯಲ್ಲಿ ಆಗಿದ್ದು ಇದೇ. ಶಾಲೆಯ ದಾಖಲೆಯಲ್ಲಿ ಮಗಳು ಎಫ್‌ಎನ್‌ಯು. ಎಸ್‌ಎಟಿ ಖಾತೆಯಲ್ಲಿ ಅವಳ ಹೆಸರು ಮತ್ತು ಅಪ್ಪನ ಹೆಸರು. ಕಾಲೇಜು ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿದ್ದ ಹಾಗೆ. ಸ್ಕೋರ್ ಹೋಗಿದೆ ಅಂತ ಕಾಲೇಜ್ ಬೋರ್ಡ್ (ಎಸ್‌ಎಟಿ ನಡೆಸುವ ಸಂಸ್ಥೆ) ಖಾತೆ ತೋರಿಸುತ್ತಿತ್ತು. ಕಾಲೇಜಿನ ಪೋರ್ಟಲ್‌ನಲ್ಲಿ ಮಾತ್ರ "ಟೆಸ್ಟ್ ಸ್ಕೋರ್" ಅನ್ನುವ ಸಾಲಿನ ಪಕ್ಕ ಕೆಂಪು ಗುರುತು ಹೋಗಲೇ ಇಲ್ಲ. ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು. ಫೋನ್ ಮಾಡಿದರೆ "ಬಂದಿಲ್ಲ" ಅನ್ನುವ ಉತ್ತರ. ಆಮೇಲೆ ಗೊತ್ತಾಯಿತು, ಸ್ಕೋರ್ ಬಂದಿತ್ತು, ಬೇರೆ ಹೆಸರಿನ ಬೇರೆ ಕಡತದಲ್ಲಿ ಕೂತಿತ್ತು. ಪಾಸ್‌ಪೋರ್ಟ್ ಪುಟ, ಶಾಲೆಯ ಪತ್ರ, ಜನ್ಮದಿನಾಂಕ ಎಲ್ಲ ಇಮೇಲ್ ಮಾಡಿ ಎರಡನ್ನೂ ಕೂಡಿಸಿದ ಮೇಲೆ ಕೆಂಪು ಹಸಿರಾಯಿತು. ಆ ದಿನಗಳಲ್ಲಿ ಮಗಳು ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ಮಗುವಿಗೆ ಅದು ಬೇಡ.

ಹಾಗಾಗಿ:

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಹೆಸರನ್ನು ಎರಡು ಭಾಗ ಮಾಡಿಸಿ ಹೊಸ ಪಾಸ್‌ಪೋರ್ಟ್ ತೆಗೆದುಕೊಳ್ಳಿ. ಸಮಯ ಹಿಡಿಯುತ್ತದೆ. ಒಂಬತ್ತನೇ ತರಗತಿಗೇ ಶುರು ಮಾಡಿ. ಬದಲಾದ ಮೇಲೆ ಶಾಲೆಯ ಆಫೀಸಿಗೆ ಹೋಗಿ ಅಲ್ಲಿಯ ದಾಖಲೆಯನ್ನೂ ಸರಿಪಡಿಸಿ.

ಶಾಲೆ, ಕಾಲೇಜ್ ಬೋರ್ಡ್, ಎಸಿಟಿ, ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ತಾಣ), ಎಲ್ಲ ಕಡೆ ಒಂದೇ ಸ್ಪೆಲ್ಲಿಂಗ್. ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಅದರ ಪೂರ್ತಿ ರೂಪ ಬೇಡ.

ಪರೀಕ್ಷೆಯ ದಿನ ತೋರಿಸುವ ಫೋಟೋ ಗುರುತಿನ ಚೀಟಿಯಲ್ಲಿ, ನೋಂದಣಿಯಲ್ಲಿದ್ದ ಹೆಸರೇ ಇರಬೇಕು.

ಶಾಲೆಯಲ್ಲೇ ಪಿಎಸ್‌ಎಟಿ (ಎಸ್‌ಎಟಿಗೆ ಮೊದಲು ಬರೆಯುವ ಪೂರ್ವಭಾವಿ ಪರೀಕ್ಷೆ) ಬರೆಸಿದಾಗ ಒಂದು ಖಾತೆ, ಮನೆಯಲ್ಲಿ ಅಪ್ಪ ಇನ್ನೊಂದು ಖಾತೆ, ಹೀಗೆ ಮಾಡಬೇಡಿ. ಎರಡಾಗಿದ್ದರೆ ಕಾಲೇಜ್ ಬೋರ್ಡ್‌ಗೆ ಫೋನ್ ಮಾಡಿ ಒಂದು ಮಾಡಿಸಿ.

ಇಮೇಲ್ ಮಗುವಿನದೇ ಇರಲಿ. ಶಾಲೆಯ ಇಮೇಲ್ ಬೇಡ, ಹೈಸ್ಕೂಲ್ ಮುಗಿದ ಮೇಲೆ ಅದು ನಿಂತುಹೋಗಬಹುದು. ಅಪ್ಪನ ಆಫೀಸ್ ಇಮೇಲ್ ಅಂತೂ ಬೇಡವೇ ಬೇಡ.

ಕಳಿಸುವ ದಾರಿ

– ಬಹಳ ಕಾಲೇಜುಗಳಿಗೆ ಅರ್ಜಿಯಲ್ಲೇ ಮಗು ತನ್ನ ಸ್ಕೋರ್ ಬರೆದರೆ ಸಾಕು. ಸೀಟು ಸಿಕ್ಕಿ ಸೇರುವಾಗ ಅಧಿಕೃತ ವರದಿ ಕೇಳುತ್ತಾರೆ. ಎಂಐಟಿ ಕೂಡ ಹೀಗೇ. ಸುಮ್ನೆ ದುಡ್ಡು ಕಟ್ಟಬೇಡಿ.
– ಎಸ್‌ಎಟಿ ಬರೆದ 9 ದಿನದೊಳಗೆ ನಾಲ್ಕು ಕಾಲೇಜಿಗೆ ವರದಿ ಫ್ರೀ. ಆದರೆ ಫಲಿತಾಂಶ ಬರುವುದು ಸುಮಾರು ಎರಡು ವಾರಕ್ಕೆ. ಅಂದರೆ ಸ್ಕೋರ್ ಗೊತ್ತಿಲ್ಲದೆ ಕಳಿಸಿದ ಹಾಗೆ. ಫ್ರೀ ಇದೆ ಅಂತ ಸ್ಕೋರ್ ಐಚ್ಛಿಕವಾಗಿರುವ ಕಾಲೇಜಿನ ಹೆಸರು ಒತ್ತಬೇಡಿ. ನಾಲ್ಕು ಕಾಲೇಜಿನ ದುಡ್ಡು ಉಳಿಸಲು ಹೋಗಿ ಆಯ್ಕೆಯನ್ನೇ ಕಳೆದುಕೊಳ್ಳುತ್ತೀರಿ.
– ಯಾವ ದಿನದ ಪರೀಕ್ಷೆ ಕಳಿಸಬೇಕು ಅಂತ ಆರಿಸಬಹುದು. ಒಂದು ದಿನದ ಗಣಿತ ಮಾತ್ರ ಕಳಿಸಲು ಆಗುವುದಿಲ್ಲ, ಆ ದಿನದ್ದು ಪೂರ್ತಿ ಹೋಗುತ್ತದೆ.
– ಎಷ್ಟೋ ಕಾಲೇಜುಗಳು ಬೇರೆ ಬೇರೆ ದಿನದ ಒಳ್ಳೆಯ ಭಾಗಗಳನ್ನು ಕೂಡಿಸಿಕೊಳ್ಳುತ್ತವೆ. ಆಗಸ್ಟ್‌ನಲ್ಲಿ ಗಣಿತ 770, ಅಕ್ಟೋಬರ್‌ನಲ್ಲಿ ಇಂಗ್ಲಿಷ್ 690 ಬಂದಿದ್ದರೆ ಎರಡೂ ದಿನದ್ದು ಕಳಿಸಿ.
– ಬರೆದದ್ದೆಲ್ಲ ಕಳಿಸಿ ಅನ್ನುವ ಕಾಲೇಜುಗಳೂ ಇವೆ. ಜಾರ್ಜ್‌ಟೌನ್ ಈ ನಿಯಮಕ್ಕೆ ಹೆಸರಾದದ್ದು. ಹಾಗಾಗಿ "ಅಭ್ಯಾಸಕ್ಕೆ ಒಂದು ಸಲ ಬರೆದುಬಿಡು" ಅಂತ ಒಂಬತ್ತನೇ ಕ್ಲಾಸಿನ ಮಗುವನ್ನು ಪರೀಕ್ಷೆಗೆ ಕೂರಿಸಬೇಡಿ. ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ತಿ ಮಾದರಿ ಪರೀಕ್ಷೆಗಳು ಫ್ರೀ ಇವೆ, ಅಭ್ಯಾಸ ಅಲ್ಲಿ ಆಗಲಿ.
– ಕೆಲವು ಹೈಸ್ಕೂಲ್‌ಗಳು ಟ್ರಾನ್ಸ್‌ಕ್ರಿಪ್ಟ್ (ಗ್ರೇಡ್‌ಗಳ ಅಧಿಕೃತ ಪಟ್ಟಿ) ಮೇಲೆಯೇ ಸ್ಕೋರ್ ಅಚ್ಚು ಹಾಕುತ್ತವೆ. ನೀವು ಬೇಡ ಅಂದುಕೊಂಡ ಸ್ಕೋರ್ ಆ ದಾರಿಯಲ್ಲಿ ಹೋಗಿಬಿಡುತ್ತದೆ. ಕೌನ್ಸೆಲರ್ ಹತ್ತಿರ ಹನ್ನೊಂದನೇ ತರಗತಿಯಲ್ಲೇ ಕೇಳಿ, ತೆಗೆಸಬಹುದಾದರೆ ತೆಗೆಸಿ.

ಕಳಿಸಬೇಕಿಲ್ಲದ್ದು, ಬೇರೆಯಾಗಿ ನೋಡಬೇಕಾದದ್ದು

– ಪಿಎಸ್‌ಎಟಿ: ಪ್ರವೇಶಕ್ಕೆ ಬೇಡ.
– ಎಸ್‌ಎಟಿ ಸಬ್ಜೆಕ್ಟ್ ಟೆಸ್ಟ್: 2021ರಲ್ಲೇ ನಿಂತಿದೆ. ಹಳಬರು ಹೇಳಿದರೆ ನಂಬಬೇಡಿ.
– ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್‌ಗಳ ಪರೀಕ್ಷೆ): ಸಾಮಾನ್ಯವಾಗಿ ಅರ್ಜಿಯಲ್ಲಿ ಬರೆದರೆ ಸಾಕು.
– ಟೋಫೆಲ್, ಡ್ಯುಯೊಲಿಂಗೊ (ಇಂಗ್ಲಿಷ್ ಭಾಷೆಯ ಪರೀಕ್ಷೆಗಳು): ಈಚೆಗೆ ಬಂದ ಮಕ್ಕಳಿಗೆ ಕೆಲವು ಕಾಲೇಜು ಕೇಳಬಹುದು. ಇಂಗ್ಲಿಷ್ ಮೀಡಿಯಂ ಅಂತ ವಿನಾಯಿತಿ ಕೇಳಿ ನೋಡಿ.
– ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಎಂಟು-ಒಂಬತ್ತರ ರಿಪೋರ್ಟ್ ಕಾರ್ಡ್: ಊರಿನ ಶಾಲೆಯ ಮೊಹರಿನೊಂದಿಗೆ ತಂದಿಟ್ಟುಕೊಳ್ಳಿ.

ಒಂದು ಕಟು ಮಾತು

ಯುಗಾದಿ ಊಟದ ಸಾಲಿನಲ್ಲಿ, ರಾಜ್ಯೋತ್ಸವದ ಹಾಲ್‌ನಲ್ಲಿ ಮಕ್ಕಳ ಎದುರೇ "ನಿಮ್ಮವನಿಗೆ ಎಷ್ಟು ಬಂತು?" ಅಂತ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಆ ಪ್ರಶ್ನೆಗೆ ಹೆದರಿ ಸಂಘದ ಕಾರ್ಯಕ್ರಮಕ್ಕೇ ಬರುವುದನ್ನು ಬಿಟ್ಟ ಮಕ್ಕಳಿದ್ದಾರೆ. ಚಿಕ್ಕವರಿಗೆ ಭಾನುವಾರ ಕನ್ನಡ ಹೇಳಿಕೊಟ್ಟವರು, ನಾಟಕಕ್ಕೆ ಬೆಳಕು ಹಿಡಿದವರು ಅವರೇ. ಆ ಕೆಲಸವೂ ಕಾಲೇಜು ಅರ್ಜಿಯಲ್ಲಿ ಬರೆಯುವಂಥದ್ದೇ, ಅದೂ ಹೆಮ್ಮೆಯಿಂದ. ನಮ್ಮ ಸಂಘದ ಮಕ್ಕಳು ಈಗ ದೇಶದ ಎಲ್ಲ ಮೂಲೆಯ ಕಾಲೇಜುಗಳಲ್ಲಿದ್ದಾರೆ. ಸ್ಕೋರ್ ಕಳಿಸಿ ಹೋದವರೂ ಇದ್ದಾರೆ, ಕಳಿಸದೆ ಹೋದವರೂ ಇದ್ದಾರೆ. ಚಳಿಗಾಲದ ರಜೆಗೆ ಬಂದಾಗ ಅವರನ್ನು ಮನೆಗೆ ಊಟಕ್ಕೆ ಕರೆಯಿರಿ, ಸಿ9 ಪಟ್ಟಿ ಮುಂದಿಟ್ಟು ಕೇಳಿ. ನಮಗಿಂತ ಚೆನ್ನಾಗಿ ಹೇಳುತ್ತಾರೆ.

ನಿರ್ಧಾರ ಮಗು ಮಾಡಲಿ, ಬಟನ್ ಮಗುವೇ ಒತ್ತಲಿ. ನೀವು ಪಕ್ಕದಲ್ಲಿ ಕೂತು ಹೆಸರು ಮತ್ತು ಜನ್ಮದಿನಾಂಕ ಓದಿ ನೋಡಿ. ವರದಿ ಕಳಿಸಿ ಎರಡು ವಾರ ಆದ ಮೇಲೆ ಪ್ರತಿ ಕಾಲೇಜಿನ ಪೋರ್ಟಲ್ ತೆರೆದು ಸ್ಕೋರ್ ಬಂದಿದೆಯಾ ಅಂತ ನೋಡಿ. ಬಂದಿಲ್ಲ ಅಂತಿದ್ದರೆ ಕಾಯುತ್ತಾ ಕೂರಬೇಡಿ. ಅಡ್ಮಿಷನ್ ಆಫೀಸಿಗೆ ಅವತ್ತೇ ಇಮೇಲ್ ಹೋಗಲಿ, ಮಗುವಿನ ಇಮೇಲ್‌ನಿಂದ, ಪಾಸ್‌ಪೋರ್ಟ್ ಪುಟದ ಪ್ರತಿ ಜೊತೆಗೆ.