ನೇಪಲ್ಸ್‌ನಲ್ಲಿ ಒಬ್ಬರೇ ಏಳು ರಾತ್ರಿ: 600 ಯೂರೋದಲ್ಲಿ ಮುಗಿಸುವುದು ಹೇಗೆ?

ಮೆಡಿಟರೇನಿಯನ್ ಕರಾವಳಿಯ ದೊಡ್ಡ ಊರುಗಳ ಪೈಕಿ ಇಟಲಿಯ ನೇಪಲ್ಸ್ ಇವತ್ತಿಗೂ ಕಡಿಮೆ ದುಡ್ಡಿನಲ್ಲಿ ಸುತ್ತಬಹುದಾದ ಊರು. ಅಲ್ಲಿನ ಪಿಜ್ಜಾ ಅಂಗಡಿ, ಕಾಫಿ ಬಾರ್, ಮೆಟ್ರೊ ಎಲ್ಲವೂ ಊರಿನವರ ಕಿಸೆಗೆ ಹೊಂದುವ ದರದಲ್ಲೇ ನಡೆಯುತ್ತವೆ. ಆದರೂ ಎಷ್ಟೋ ಜನರ ಬಜೆಟ್ ಅಲ್ಲಿ ದಾರಿ ತಪ್ಪುತ್ತದೆ. ಅಗ್ಗದ ರೂಮೆಂದು ದೂರ ಉಳಿದುಕೊಳ್ಳುವುದು, ರಜೆ ಇರುವ ದಿನವೇ ಮ್ಯೂಸಿಯಂ ಬಾಗಿಲಿಗೆ ಹೋಗಿ ನಿಲ್ಲುವುದು, ಕಾಪ್ರಿ ದ್ವೀಪ ಮತ್ತು ಅಮಾಲ್ಫಿ ಕರಾವಳಿ ಎರಡನ್ನೂ ಅದೇ ವಾರದಲ್ಲಿ ತುರುಕುವುದು: ದುಡ್ಡು ಸೋರುವುದು ಇಲ್ಲಿ. ಈ ಮೂರನ್ನು ಮನೆಯಲ್ಲಿ ಕೂತು ಸರಿಮಾಡಿಕೊಂಡರೆ ಅಲ್ಲಿ ಹೋದ ಮೇಲೆ ಚೌಕಾಸಿ ಮಾಡಬೇಕಾದ ಪ್ರಮೇಯವೇ ಬರುವುದಿಲ್ಲ.

ಮೊದಲು ತಿಂಗಳು, ಆಮೇಲೆ ವೀಸಾ

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಇಲ್ಲವೇ ಅಕ್ಟೋಬರ್. ಅಕ್ಟೋಬರ್ ಮೊದಲಾರ್ಧದಲ್ಲಿ ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತದೆ, ಹಾಸಿಗೆ ದರ ಇಳಿದಿರುತ್ತದೆ. ಆಗಸ್ಟ್ ಬೇಡ. ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಊರಿನವರು ನಡೆಸುವ ಸಣ್ಣ ಊಟದ ಅಂಗಡಿಗಳು ಬಾಗಿಲು ಹಾಕುತ್ತವೆ. ತೆರೆದಿರುವುದು ಹೆಚ್ಚಾಗಿ ಪ್ರವಾಸಿಗರ ದರದವು. ನವೆಂಬರ್‌ನಲ್ಲಿ ಮಳೆ ಜೋರು.

ಇಟಲಿಗೆ ಬೇಕಾದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲೂ ಇಟಲಿಯ ಅರ್ಜಿ ಕೇಂದ್ರವಿದೆ. ವಯಸ್ಕರಿಗೆ ಶುಲ್ಕ 90 ಯೂರೋ, ಜೊತೆಗೆ ಕೇಂದ್ರದ ಸೇವಾ ಶುಲ್ಕ. ಪ್ರಯಾಣ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ಪಾಸ್‌ಪೋರ್ಟ್ ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು, ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಬೇಸಿಗೆ ರಜೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಹಾಗಾಗಿ ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಹಾಸಿಗೆಯನ್ನೇ ಕಾಯ್ದಿರಿಸಿ. ಒಬ್ಬರೇ ಹೋಗುವವರ ಅರ್ಜಿಯಲ್ಲಿ ಅಧಿಕಾರಿಗಳು ಮುಖ್ಯವಾಗಿ ನೋಡುವುದು ವಾಪಸ್ ಬರುವ ಕಾರಣವನ್ನು. ಕಚೇರಿಯ ರಜೆ ಪತ್ರ, ಸಂಬಳ ಜಮಾ ಆಗುತ್ತಿರುವ ಖಾತೆಯ ಸ್ಟೇಟ್‌ಮೆಂಟ್, ದಿನಕ್ಕೊಂದು ಸಾಲಿನ ಕಾರ್ಯಕ್ರಮ ಪಟ್ಟಿ ಒಂದಕ್ಕೊಂದು ತಾಳೆಯಾಗಬೇಕು. ಅರ್ಜಿಗೆ ಸ್ವಲ್ಪ ಮುಂಚೆ ಖಾತೆಗೆ ದೊಡ್ಡ ಮೊತ್ತ ಹಾಕಿಸಿಕೊಂಡರೆ ಅನುಮಾನವೇ ಹೆಚ್ಚಾಗುತ್ತದೆ.

ವಿಮಾನ ನೇಪಲ್ಸ್‌ಗೋ, ರೋಮ್‌ಗೋ?

ಬೆಂಗಳೂರಿನಿಂದ ಎರಡರ ದರವನ್ನೂ ಹೋಲಿಸಿ ನೋಡಿ. ನೇಪಲ್ಸ್‌ನಲ್ಲೇ ಇಳಿದರೆ ವಿಮಾನ ನಿಲ್ದಾಣದಿಂದ ಅಲಿಬಸ್ ಎಂಬ ಬಸ್ 5 ಯೂರೋಗೆ ಮುಖ್ಯ ರೈಲು ನಿಲ್ದಾಣಕ್ಕೆ, ಅಲ್ಲಿಂದ ಮುಂದೆ ಬಂದರಿಗೆ ತಲುಪಿಸುತ್ತದೆ. ರೋಮ್‌ನ ಫಿಯುಮಿಚಿನೊ ವಿಮಾನ ನಿಲ್ದಾಣದಲ್ಲಿ ಇಳಿದವರು 14 ಯೂರೋದ ಎಕ್ಸ್‌ಪ್ರೆಸ್ ಹಿಡಿದು ಊರಿನ ಮುಖ್ಯ ರೈಲು ನಿಲ್ದಾಣ ತೆರ್ಮಿನಿಗೆ ಹೋಗುವುದೇ ವಾಡಿಕೆ. ಅದರ ಬದಲು 8 ಯೂರೋದ ಪ್ಯಾಸೆಂಜರ್ ರೈಲಿನಲ್ಲಿ ರೋಮಾ ತಿಬುರ್ತಿನಾ ನಿಲ್ದಾಣಕ್ಕೆ ಹೋಗಿ. ನೇಪಲ್ಸ್ ಕಡೆಯ ಹೈಸ್ಪೀಡ್ ರೈಲುಗಳಲ್ಲಿ ಎಷ್ಟೋ ಅಲ್ಲೂ ನಿಲ್ಲುತ್ತವೆ, ಮುಂದಿನ ದಾರಿ ಒಂದು ಗಂಟೆ ಚಿಲ್ಲರೆ. ಹೈಸ್ಪೀಡ್ ಟಿಕೆಟನ್ನು ತಿಂಗಳ ಮೊದಲೇ ತೆಗೆದರೆ ಅಗ್ಗ, ಹಿಂದಿನ ದಿನ ತೆಗೆದರೆ ದುಪ್ಪಟ್ಟು ಮೀರಬಹುದು. ಆದರೆ ವಿಮಾನ ತಡವಾದರೆ ಆ ಅಗ್ಗದ ಟಿಕೆಟ್ ಹೋದಂತೆಯೇ. ಇಳಿಯುವ ಸಮಯಕ್ಕೂ ರೈಲಿಗೂ ಮೂರು ಗಂಟೆ ಅಂತರ ಬಿಡಿ. ಅಷ್ಟು ಅಂತರ ಸಿಗದಿದ್ದರೆ ತೆರ್ಮಿನಿಯಿಂದ ಹೊರಡುವ ಪ್ರಾದೇಶಿಕ ರೈಲು ಇದೆ. ಎರಡೂವರೆಯಿಂದ ಮೂರು ಗಂಟೆ ಹಿಡಿದರೂ ಅದರ ದರ ಯಾವ ದಿನಕ್ಕೂ ಒಂದೇ.

ಹಾಸಿಗೆ ಎಲ್ಲಿ?

ಹಾಸ್ಟೆಲ್ ಡಾರ್ಮ್‌ನಲ್ಲಿ, ಅಂದರೆ ಹಲವರು ಹಂಚಿಕೊಳ್ಳುವ ಕೋಣೆಯಲ್ಲಿ, ಒಂದು ಹಾಸಿಗೆಗೆ ರಾತ್ರಿಗೆ 25ರಿಂದ 40 ಯೂರೋ. ರೈಲು ನಿಲ್ದಾಣದ ಎದುರಿನ ಪಿಯಾಝಾ ಗರಿಬಾಲ್ದಿ ಸುತ್ತ ಇನ್ನೂ ಅಗ್ಗ. ಹಗಲು ಅಲ್ಲಿ ತೊಂದರೆಯಿಲ್ಲ, ಆದರೆ ರಾತ್ರಿ ಹತ್ತರ ಮೇಲೆ ಒಬ್ಬರೇ ಬ್ಯಾಗ್ ಹಿಡಿದು ನಡೆಯಲು ಹಿತವಾದ ಜಾಗವಲ್ಲ. ಪಿಯಾಝಾ ದಾಂತೆ ಅಥವಾ ತೊಲೆದೊ ಮೆಟ್ರೊ ನಿಲ್ದಾಣದಿಂದ ಐದು ನಿಮಿಷದ ನಡಿಗೆಯೊಳಗೆ ಹುಡುಕಿ. ಹಳೇ ಪೇಟೆ, ಮ್ಯೂಸಿಯಂ, ಮೊಂತೆಸಾಂತೊ ರೈಲು ನಿಲ್ದಾಣ ಎಲ್ಲಕ್ಕೂ ಅಲ್ಲಿಂದ ಕಾಲ್ನಡಿಗೆ ಸಾಕು. ರಾತ್ರಿಗೆ ಐದು ಯೂರೋ ಹೆಚ್ಚಾದರೂ ಬಸ್ಸು, ಟ್ಯಾಕ್ಸಿಯಲ್ಲಿ ಅದು ಉಳಿಯುತ್ತದೆ.

ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ. ಎಷ್ಟನೇ ಮಹಡಿ? ಲಿಫ್ಟ್ ಇದೆಯೇ? ಹಳೇ ಪೇಟೆಯ ಕಟ್ಟಡಗಳು ಐದಾರು ಅಂತಸ್ತು, ಮೆಟ್ಟಿಲು ಎತ್ತರ. ಕೆಲವು ಕಟ್ಟಡಗಳ ಲಿಫ್ಟಿನೊಳಗೆ ಇಂದಿಗೂ ಸಣ್ಣ ಕಬ್ಬಿಣದ ಡಬ್ಬಿ ಇರುತ್ತದೆ. ಹತ್ತೋ ಇಪ್ಪತ್ತೋ ಸೆಂಟಿನ ನಾಣ್ಯ ಹಾಕಿದರೆ ಮಾತ್ರ ಅದು ಮೇಲೆ ಹೋಗುತ್ತದೆ, ಆದ್ದರಿಂದ ಚಿಲ್ಲರೆ ಜೇಬಿನಲ್ಲೇ ಇರಲಿ. ‘ಬಾಸ್ಸೊ’ ಎಂದು ಬರೆದಿದ್ದರೆ ಅದು ನೇರ ಬೀದಿಗೇ ಬಾಗಿಲಿರುವ ನೆಲಮಹಡಿಯ ಕೋಣೆ. ಅಗ್ಗ ನಿಜ, ಆದರೆ ಮಧ್ಯರಾತ್ರಿಯವರೆಗೂ ಸ್ಕೂಟರ್ ಸದ್ದು, ಕಿಟಕಿ ತೆರೆದರೆ ದಾರಿಹೋಕರ ಕಣ್ಣು. ಒಬ್ಬರೇ ಇರುವವರಿಗೆ ಇದು ಬೇಡ. ಹಾಸಿಗೆ ದರದ ಮೇಲೆ ಪ್ರತಿ ರಾತ್ರಿಗೆ ಊರಿನ ತೆರಿಗೆ ಪ್ರತ್ಯೇಕ. ಎಷ್ಟೋ ಕಡೆ ನಗದೇ ಕೇಳುತ್ತಾರೆ.

ಶನಿವಾರ ಇಳಿದು ಶನಿವಾರ ಹೊರಡಿ

ಪುರಾತತ್ವ ಮ್ಯೂಸಿಯಂ ಮತ್ತು ಸಾನ್‌ಸೆವೆರೊ ಚಾಪೆಲ್ ಎರಡಕ್ಕೂ ಮಂಗಳವಾರ ರಜೆ. ಇಡೀ ವಾರದ ಜೋಡಣೆ ಇದರ ಸುತ್ತಲೇ.

ಭಾನುವಾರ ಹಳೇ ಪೇಟೆ ನಡೆದು ನೋಡಿ. ಚರ್ಚುಗಳಿಗೆ ಪ್ರವೇಶ ಬಹುತೇಕ ಉಚಿತ, ಆದರೆ ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಬೇಕು. ಸಂಜೆ ಫ್ಯುನಿಕ್ಯುಲರ್ (ಗುಡ್ಡ ಏರುವ ಕೇಬಲ್ ರೈಲು) ಹತ್ತಿ ವೊಮೆರೊ ಗುಡ್ಡಕ್ಕೆ ಹೋಗಿ, ಸಾನ್ ಮಾರ್ತಿನೊ ಎಂಬ ಹಳೇ ಮಠದ ಮುಂದಿನ ಕಟ್ಟೆಯಿಂದ ಇಡೀ ಕೊಲ್ಲಿ ನೋಡಿ, ಪೆದಮೆಂತೀನಾದ 414 ಮೆಟ್ಟಿಲು ಇಳಿದು ಕತ್ತಲಾಗುವ ಮೊದಲು ಕೆಳಗೆ ಬನ್ನಿ. ಸೋಮವಾರ ಬೆಳಿಗ್ಗೆ ಪುರಾತತ್ವ ಮ್ಯೂಸಿಯಂ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಹೂತುಹೋದ ರೋಮನ್ ಊರು ಪೊಂಪೇ. ಅಲ್ಲಿನ ಗೋಡೆಚಿತ್ರ, ಮೊಸಾಯಿಕ್‌ಗಳಲ್ಲಿ ಶ್ರೇಷ್ಠವಾದವು ಬಹುತೇಕ ಇಲ್ಲಿರುವುದರಿಂದ ಪೊಂಪೇಗೆ ಮುಂಚೆ ಇದನ್ನು ನೋಡಿದರೆ ಅಲ್ಲಿನ ಬೋಳು ಗೋಡೆಗಳೂ ಮಾತಾಡುತ್ತವೆ. ಮಧ್ಯಾಹ್ನ ಸಾನ್‌ಸೆವೆರೊ: ಜುಸೆಪ್ಪೆ ಸಾನ್‌ಮಾರ್ತಿನೊ 1753ರಲ್ಲಿ ಕೆತ್ತಿದ, ತೆಳುವಸ್ತ್ರ ಹೊದ್ದು ಮಲಗಿದ ಕ್ರಿಸ್ತ. ಮುಸುಕೂ ಮೈಯೂ ಒಂದೇ ಅಮೃತಶಿಲೆ. ಇದರ ಟಿಕೆಟ್ ವಾರಗಳ ಮೊದಲೇ ಖಾಲಿಯಾಗುತ್ತದೆ. ಆದರೆ ಒಂದೇ ಸೀಟು ಹುಡುಕುವವರಿಗೆ ಉಳಿದ ಸ್ಲಾಟ್ ಸಿಗುವ ಸಾಧ್ಯತೆ ಹೆಚ್ಚು. ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಉಚಿತ ಪ್ರವೇಶ. ನಿಮ್ಮ ಭಾನುವಾರ ಅದೇ ಆಗಿದ್ದರೆ ಪುರಾತತ್ವ ಮ್ಯೂಸಿಯಂ ಅವತ್ತೇ ಮುಗಿಸಿ, ಸುಮಾರು 20 ಯೂರೋ ಉಳಿಯುತ್ತದೆ.

ಮಂಗಳವಾರ ಪೊಂಪೇ. ಇಲ್ಲಿ ಎಡವುವವರೇ ಹೆಚ್ಚು, ಸ್ವಲ್ಪ ವಿವರವಾಗಿ ನೋಡೋಣ. ಹೋಗಬೇಕಾದ್ದು ಚಿರ್ಕುಮ್‌ವೆಸುವಿಯಾನಾ ರೈಲಿನಲ್ಲಿ, ಸೊರೆಂತೊ ಕಡೆಯದು. ಇಳಿಯಬೇಕಾದ ನಿಲ್ದಾಣ ‘ಪೊಂಪೇ ಸ್ಕಾವಿ–ವಿಲ್ಲಾ ದೇಯ್ ಮಿಸ್ತೇರಿ’. ಇದೇ ಕಂಪನಿಯ ಪೊಜ್ಜೊಮರಿನೊ ರೈಲೂ ಪೊಂಪೇ ಎಂಬ ಹೆಸರಿನ ನಿಲ್ದಾಣಕ್ಕೆ ಹೋಗುತ್ತದೆ, ಆದರೆ ಅದು ಹೊಸ ಊರಿನೊಳಗೆ, ಬೇರೆ ಹಳಿಯಲ್ಲಿ. ಹತ್ತುವ ಮೊದಲು ಬೋರ್ಡಿನಲ್ಲಿ ಕೊನೆಯ ನಿಲ್ದಾಣ ಸೊರೆಂತೊ ಎಂದಿರುವುದನ್ನು ಖಾತ್ರಿ ಮಾಡಿಕೊಳ್ಳಿ. ಎಲ್ಲರೂ ಗರಿಬಾಲ್ದಿಯಲ್ಲಿ ಹತ್ತುತ್ತಾರೆ. ರೈಲು ಹೊರಡುವುದು ಅದಕ್ಕೆ ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನಾದಿಂದ. ಹತ್ತು ನಿಮಿಷ ನಡೆದು ಅಲ್ಲಿ ಹತ್ತಿದರೆ ಸೀಟು ಸಿಗುತ್ತದೆ, ಜೇಬುಗಳ್ಳರಿಗೆ ಬೇಕಾದ ನೂಕುನುಗ್ಗಲಿನಲ್ಲಿ ನೀವಿರುವುದಿಲ್ಲ. ಪ್ರಯಾಣ ಸುಮಾರು 35–40 ನಿಮಿಷ, ದರ ಮೂರು-ನಾಲ್ಕು ಯೂರೋ.

2024ರ ನವೆಂಬರ್‌ನಿಂದ ಪೊಂಪೇಗೆ ದಿನಕ್ಕೆ 20,000 ಜನರ ಮಿತಿ ಇದೆ. ಟಿಕೆಟ್ ಹೆಸರಿನ ಮೇಲೆ ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಹಾಕಿ, ಗುರುತಿನ ಚೀಟಿ ಒಯ್ಯಿರಿ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವಾಗ ಅಲ್ಲಿರಬೇಕು. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ನೆರಳು ಅತಿ ಕಡಿಮೆ, ಬೀದಿಗೆ ಹಾಸಿದ ಕಲ್ಲು ನುಣುಪು, ತೆಳು ಅಟ್ಟೆಯ ಚಪ್ಪಲಿಯಲ್ಲಿ ಎರಡು ಗಂಟೆಗೇ ಪಾದ ನೋಯುತ್ತದೆ. ಖಾಲಿ ಬಾಟಲಿ ಸಾಕು, ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ. ನಾಲ್ಕು ಗಂಟೆ ಮೀಸಲಿಡಿ.

ಬುಧವಾರ ಪ್ರೊಚಿದಾ ದ್ವೀಪ. ಕಾಪ್ರಿಗೆ ಹೋಗಿಬರುವ ದೋಣಿ ಖರ್ಚಿನಲ್ಲೇ ಒಂದು ದಿನದ ಬಜೆಟ್ ಮುಗಿಯುತ್ತದೆ, ಅಲ್ಲಿ ಇಳಿದ ಮೇಲಿನ ಪ್ರತಿಯೊಂದೂ ದುಬಾರಿ. ಪ್ರೊಚಿದಾ ಚಿಕ್ಕದು, ಕಾಲ್ನಡಿಗೆಯಲ್ಲೇ ಸುತ್ತಬಹುದು. ಬಣ್ಣಬಣ್ಣದ ಮನೆಗಳ ಕೊರಿಚೆಲ್ಲಾ ಬೆಸ್ತರ ಕೇರಿಗೆ ವಾಹನವೇ ಬರುವುದಿಲ್ಲ. ಬಂದರು ಎರಡಿವೆ ಎಂಬುದು ನೆನಪಿರಲಿ: ಮೋಲೊ ಬೆವೆರೆಲ್ಲೊದಿಂದ ಹೈಡ್ರೊಫಾಯಿಲ್ ಎಂಬ ವೇಗದ ದೋಣಿ, ಕಲಾತಾ ಪೋರ್ತಾ ದಿ ಮಾಸ್ಸಾದಿಂದ ನಿಧಾನದ ಫೆರ್ರಿ. ಫೆರ್ರಿಗೆ ಒಂದು ಗಂಟೆ, ಆದರೆ ದರ ಕಡಿಮೆ. ಸಮುದ್ರ ಒರಟಾದಾಗ ಮೊದಲು ರದ್ದಾಗುವುದು ಹೈಡ್ರೊಫಾಯಿಲ್. ದೊಡ್ಡ ಫೆರ್ರಿ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ.

ಗುರುವಾರ ಎರ್ಕೊಲಾನೊ, ಅದೇ ಸ್ಫೋಟದಲ್ಲಿ ಹೂತ ಇನ್ನೊಂದು ರೋಮನ್ ಊರು. ಅರ್ಧ ದಿನ ಸಾಕು. ಪೊಂಪೇಯನ್ನು ಮೊದಲು ಮುಚ್ಚಿದ್ದು ಉದುರಿದ ಹಗುರಕಲ್ಲು, ಬೂದಿ. ಇಲ್ಲಿ ಹರಿದು ಬಂದದ್ದು ಕುದಿಯುವ ಅನಿಲ–ಬೂದಿಯ ಪ್ರವಾಹ. ಹಾಗಾಗಿ ಮರ ಸುಟ್ಟು ಬೂದಿಯಾಗದೆ ಇದ್ದಿಲಾಗಿ ಉಳಿದಿದೆ, ತೊಲೆ, ಬಾಗಿಲು, ಮಂಚ ಸಹಿತ. ಹಳೆಯ ತೀರದ ದೋಣಿಮನೆಗಳ ಕಮಾನಿನಡಿ ಸುಮಾರು 300 ಜನರ ಅಸ್ಥಿಪಂಜರ ಸಿಕ್ಕಿವೆ. ಒಂದನ್ನೇ ನೋಡಲು ಸಮಯ ಇದ್ದರೆ ಇದನ್ನೇ ನೋಡಿ ಎನ್ನಬಹುದು, ಅಷ್ಟು ಹತ್ತಿರದಿಂದ ಮುಟ್ಟುತ್ತದೆ ಈ ಊರು.

ಶುಕ್ರವಾರ ಪೊಝುವೊಲಿ. ಸಾರಿಗೆ ಮುಷ್ಕರಗಳು ಇಟಲಿಯಲ್ಲಿ ಹೆಚ್ಚಾಗಿ ಬೀಳುವುದು ಶುಕ್ರವಾರ, ಅದಕ್ಕೇ ಎರಡು ಬೇರೆ ರೈಲು ಮಾರ್ಗಗಳಿರುವ ಹತ್ತಿರದ ಊರನ್ನು ಆ ದಿನಕ್ಕೆ ಇಟ್ಟಿರುವುದು. ಮುಷ್ಕರವಿದ್ದರೂ ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿನಲ್ಲಿ ರೈಲು ಓಡಿಸಲೇಬೇಕು. ಹಿಂದಿನ ದಿನ ಹಾಸ್ಟೆಲ್‌ನಲ್ಲಿ ವಿಚಾರಿಸಿ. ಊರ ನಡುವಿನ ರೋಮನ್ ಮಾರುಕಟ್ಟೆಯ ಮೂರು ಕಂಬಗಳನ್ನು ರಸ್ತೆಯಿಂದಲೇ ಪುಕ್ಕಟೆ ನೋಡಬಹುದು. ಆಳೆತ್ತರಕ್ಕೂ ಮೇಲೆ ಕಂಬದ ಸುತ್ತ ತೂತುಗಳ ಪಟ್ಟಿ ಕಾಣುತ್ತದೆ. ಕಲ್ಲು ಕೊರೆಯುವ ಸಮುದ್ರದ ಚಿಪ್ಪುಜೀವಿಗಳು ಮಾಡಿದ ತೂತು ಅವು. ಅಂದರೆ ಈ ನೆಲ ಅಷ್ಟು ಆಳ ಕಡಲಲ್ಲಿ ಮುಳುಗಿ ಮತ್ತೆ ಎದ್ದಿದೆ. 1982–84ರ ನಡುವೆಯೇ ಸುಮಾರು 1.8 ಮೀಟರ್ ಮೇಲೆ ಬಂತು. ಸಣ್ಣ ಕಂಪನಗಳು ಈಗಲೂ ಆಗುತ್ತಿರುತ್ತವೆ. ಇಲ್ಲಿನ ಸೊಲ್ಫತಾರಾ ಜ್ವಾಲಾಮುಖಿ ಕುಳಿ 2017ರಲ್ಲಿ ಮುಚ್ಚಿದೆ, ಹಳೇ ಮಾಹಿತಿ ನಂಬಿ ಹೋಗಬೇಡಿ.

ಊಟ: ಸಸ್ಯಾಹಾರಿಗಳು ಗಮನಿಸಿ

ಮಾರ್ಗರಿಟಾ ಪಿಜ್ಜಾ 5–7 ಯೂರೋ, ಬೀದಿಯಲ್ಲಿ ನಾಲ್ಕಾಗಿ ಮಡಿಸಿ ಕೊಡುವುದು ಇನ್ನೂ ಕಡಿಮೆ. ಮರಿನಾರಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ, ಚೀಸ್ ಕೂಡ ಇಲ್ಲ. ಕಣ್ಣಿಗೆ ಸಸ್ಯಾಹಾರದಂತೆ ಕಾಣುವುದೆಲ್ಲ ಹಾಗಿರುವುದಿಲ್ಲ. ನಮ್ಮ ಕೋಡುಬಳೆಯಂತೆ ಕಾಣುವ ಮೆಣಸಿನ ತರಾಲ್ಲಿಯಲ್ಲಿ ಹಂದಿ ಕೊಬ್ಬು ಇರುತ್ತದೆ. ಪದರಪದರದ ಸ್ಫೊಲ್ಯಾತೆಲ್ಲಾ ಸಿಹಿಯ ಹಿಟ್ಟಿಗೂ ಸಾಂಪ್ರದಾಯಿಕವಾಗಿ ಅದನ್ನೇ ಹಾಕುತ್ತಾರೆ. ಕರಿದ ಪಿಜ್ಜಾದ ಹೂರಣದಲ್ಲೂ ಹಂದಿಯ ಚೂರು ಸಾಮಾನ್ಯ. ‘ಚೆ ಸ್ತ್ರುತ್ತೊ?’ ಎಂದು ಕೇಳಿ, ಕೊಬ್ಬು ಇದೆಯೇ ಎಂದರ್ಥ. ‘ಸೆಂಝಾ ಕಾರ್ನೆ, ಸೆಂಝಾ ಪೆಶೆ’ ಎಂದರೆ ಮಾಂಸ ಬೇಡ, ಮೀನು ಬೇಡ. ಬದನೆಕಾಯಿ ಪಾರ್ಮಿಜಾನಾ ಹೊಟ್ಟೆ ತುಂಬುತ್ತದೆ. ಫ್ರಿಯಾರಿಯೆಲ್ಲಿ ಸೊಪ್ಪಿನ ಪಲ್ಯವನ್ನು ಸಾಸೇಜ್ ಇಲ್ಲದೆ ಬರೀ ಪಲ್ಯವಾಗಿಯೇ ಕೇಳಿ ಪಡೆಯಬಹುದು.

ಅಡುಗೆಮನೆಗಳು ಮಧ್ಯಾಹ್ನ ಮೂರರಿಂದ ಏಳರವರೆಗೆ ಮುಚ್ಚಿರುವುದೇ ಹೆಚ್ಚು. ಕೂತು ಉಂಡರೆ ಬಿಲ್ಲಿನಲ್ಲಿ ಒಂದೂವರೆಯಿಂದ ಮೂರು ಯೂರೋ ‘ಕೊಪೆರ್ತೊ’ ಸೇರುತ್ತದೆ. ಅದು ಮೋಸವಲ್ಲ, ಅಲ್ಲಿನ ಪದ್ಧತಿ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯಿರಿ, ಮೇಜಿಗೆ ತಂದರೆ ದರ ಏರುತ್ತದೆ. ಹಣ್ಣಿಗೆ ಮೊಂತೆಸಾಂತೊ ಪಕ್ಕದ ಪಿನ್ಯಸೆಕ್ಕಾ ಸಂತೆ. ನಲ್ಲಿ ನೀರು ಕುಡಿಯಬಹುದು.

ಒಟ್ಟು ಎಷ್ಟು?

ತೆರಿಗೆ ಸೇರಿ ಹಾಸಿಗೆಗೆ 240 ಯೂರೋ, ಊಟ ದಿನಕ್ಕೆ 22ರಂತೆ 154, ಪ್ರವೇಶ ಟಿಕೆಟ್‌ಗಳಿಗೆ 70, ಬಸ್ಸು–ರೈಲು–ಫೆರ್ರಿಗೆ 75. ಇದು 539. ಮಿಕ್ಕ 61 ತುರ್ತಿಗೆ. ವಿಮಾನ, ವೀಸಾ, ವಿಮೆ ಇದರ ಹೊರಗೆ. ರೋಮ್‌ನಲ್ಲಿ ಇಳಿಯುವವರು ಅಲ್ಲಿಂದ ಬರುವ, ಹೋಗುವ ರೈಲು ಖರ್ಚನ್ನೂ ಸೇರಿಸಿಕೊಳ್ಳಬೇಕು. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ ಯೂರೋವೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರದೇ ವಿನಿಮಯ ದರ ಬೀಳುತ್ತದೆ. ಎಟಿಎಂ ಬ್ಯಾಂಕಿನ ಗೋಡೆಯಲ್ಲಿರುವುದೇ ಆಗಿರಲಿ. ಕಾಗದದ ಟಿಕೆಟನ್ನು ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ಟಿಕೆಟ್ ಇದ್ದೂ ದಂಡ. ಟ್ಯಾಕ್ಸಿ ಅನಿವಾರ್ಯವಾದರೆ ಹತ್ತುವಾಗಲೇ ‘ತಾರಿಫಾ ಪ್ರೆದೆತೆರ್ಮಿನಾತಾ’, ಅಂದರೆ ನಿಗದಿತ ದರ, ಎಂದು ಹೇಳಬೇಕು. ಇಳಿದ ಮೇಲೆ ಕೇಳಿದರೆ ಮೀಟರೇ ಗತಿ. ನಮ್ಮ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಕೂರುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಮನೆಗೆ ಎಮ್ಮೆ ಹಾಲಿನ ಮೊಝ್ಝರೆಲ್ಲಾ ತರುವುದಾದರೆ ಚೆಕ್‌-ಇನ್ ಬ್ಯಾಗಿನಲ್ಲಿಡಿ. ಅದು ನೀರಿನಲ್ಲಿ ತೇಲುತ್ತಿರುವುದರಿಂದ ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಎತ್ತಿಡಬಹುದು.