ಲೂಪಿನ ಹೊರಗೆ ಉಳಿದ ಸಾಲು

ಕಂಪ್ಯೂಟರ್‌ನಲ್ಲಿ ಓಡಿಸಬೇಕಾದ ಲೆಕ್ಕ ಚಿಕ್ಕದು. ಒಂದು ಕ್ಯೂಬಿಟ್, ಅಂದರೆ ಎರಡೇ ಶಕ್ತಿಮಟ್ಟಗಳ ಕ್ವಾಂಟಮ್ ವ್ಯವಸ್ಥೆ. ಅದಕ್ಕೆ ತಾಗಿದ ಒಂದು ಹೀಟ್ ಬಾತ್, ಅಂದರೆ ತಾಪಮಾನ ಬದಲಾಗದ ದೊಡ್ಡ ಶಾಖದ ಕಣಜ. ಕ್ಯೂಬಿಟ್‌ನ ಎರಡು ಮಟ್ಟಗಳ ನಡುವಿನ ಅಂತರವನ್ನು 1 ಕೆಟಿಯಿಂದ 2 ಕೆಟಿಗೆ ಹಿಗ್ಗಿಸಬೇಕು (ಕೆಟಿ ಎಂದರೆ ಬಾತ್‌ನ ತಾಪಮಾನಕ್ಕೆ ತಕ್ಕ ಶಕ್ತಿಯ ಅಳತೆ). ಭೌತವಿಜ್ಞಾನಿ ಜಾರ್ಜಿನ್ಸ್ಕಿ 1997ರಲ್ಲಿ ತೋರಿಸಿದ ಪ್ರಮೇಯದ ಪ್ರಕಾರ, ಬೇಗ ಹಿಗ್ಗಿಸಿದರೂ ನಿಧಾನ ಹಿಗ್ಗಿಸಿದರೂ ಕೆಲಸದ ಘಾತೀಯ ಸರಾಸರಿ, ಅಂದರೆ ಕೆಲಸವನ್ನು ಕೆಟಿಯಿಂದ ಭಾಗಿಸಿ ಮೈನಸ್ ಹಾಕಿ ಇ ಸಂಖ್ಯೆಯ ಘಾತಕ್ಕೇರಿಸಿ ತೆಗೆದ ಸರಾಸರಿ, ಒಂದೇ ಬರಬೇಕು. ನನ್ನ ಕ್ಯೂಬಿಟ್‌ಗೆ ಅದು 1.368.

ಕ್ವಾಂಟಮ್‌ನಲ್ಲಿ ಅಳೆಯಬಹುದಾದ ಪ್ರತಿ ರಾಶಿಗೂ ಆಪರೇಟರ್ ಎಂಬ ಗಣಿತದ ರೂಪ ಇರುತ್ತದೆ, ಕೆಲಸಕ್ಕೆ ಅಂಥದ್ದೊಂದು ಇಲ್ಲ. ಟಾಲ್ಕ್‌ನರ್, ಲುಟ್ಜ್, ಹೆಂಗಿ 2007ರಲ್ಲೇ ಇದನ್ನು ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾಗಿ ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಶಕ್ತಿ ಅಳೆದೆ. ನಡುವೆ ಕ್ಯೂಬಿಟ್ ಕೆಳಕ್ಕೆ ಜಿಗಿದಾಗ ಆ ಕ್ಷಣದ ಅಂತರವನ್ನು ಬಾತ್‌ಗೆ ಹೋದ ಶಾಖ ಎಂದು ಬರೆದುಕೊಂಡೆ, ಮೇಲಕ್ಕೆ ಜಿಗಿದಾಗ ಬಾತ್‌ನಿಂದ ಬಂದದ್ದೆಂದು. ಜಮಾ ಖರ್ಚು ಮುಗಿಸಿದ ಮೇಲೆ ಉಳಿದದ್ದೇ ಕೆಲಸ.

ಬೇಗ ಹಿಗ್ಗಿಸಿದ ಓಟಗಳಲ್ಲಿ 1.368 ಬಂತು. ಖುಷಿಯಾಯಿತು. ನಿಧಾನದ ಓಟದಲ್ಲಿ 1.26! ನನಗೆ ತಲೆಬುಡ ತಿಳಿಯಲಿಲ್ಲ, ಏಕೆಂದರೆ ನಿಧಾನದ್ದೇ ಸುಲಭದ ಪ್ರಕರಣ. 20,000 ಪಥಗಳಿದ್ದವು (ಒಂದೊಂದು ಪಥವೂ ಜಿಗಿತಗಳ ಒಂದೊಂದು ಯಾದೃಚ್ಛಿಕ ಸರಣಿ), ಅಲ್ಲಾಡಿದರೂ ಮೂರನೇ ದಶಮಾಂಶದಲ್ಲಿ ಅಲ್ಲಾಡಬೇಕು. ಕಾಲದ ಹೆಜ್ಜೆ ಸಣ್ಣದು ಮಾಡಿದೆ, ರ್‍ಯಾಂಡಮ್ ಸೀಡ್, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಆರಂಭದ ಬೀಜ, ಬದಲಿಸಿದೆ. ಸಂಖ್ಯೆ ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಕಂಪ್ಯೂಟರ್ ಮುಚ್ಚಿಟ್ಟು ಕಾಗದ ಹಿಡಿದೆ. 1.26ರ ಲಾಗರಿದಮ್ 0.231. ಇದು ಎಲ್ಲಿ ಬರುತ್ತದೆ? ಕ್ಯೂಬಿಟ್ ಎರಡು ಮಟ್ಟಗಳ ನಡುವಿನ ಆರಂಭದ ಸಂಭವನೀಯತೆಯ ಹಂಚಿಕೆಯಲ್ಲೇ ಕೊನೆತನಕ ಉಳಿದರೆ, ಟ್ಯಾನ್‌ಹೆಚ್ 0.5ರ ಅರ್ಧವಾಗಿ. ಅಂದರೆ ಅಂತರ ಹಿಗ್ಗಿದ ಸುದ್ದಿ ನನ್ನ ಬಾತ್‌ಗೆ ತಲುಪಿಯೇ ಇರಲಿಲ್ಲ. ಕೋಡ್ ತೆರೆದರೆ, ಜಿಗಿತದ ದರ ನಿರ್ಧರಿಸುವ, ಬಾತ್‌ನ ಫೋಟಾನ್‌ಗಳ ಸರಾಸರಿ ಸಂಖ್ಯೆ ಲೆಕ್ಕ ಹಾಕುವ ಸಾಲು ಲೂಪಿನ, ಅಂದರೆ ಪ್ರತಿ ಕಾಲದ ಹೆಜ್ಜೆಗೂ ಮರಳಿ ಓಡುವ ಭಾಗದ, ಹೊರಗೆ ಕೂತಿತ್ತು. 0.582ರಿಂದ 0.157ಕ್ಕೆ ಇಳಿಯಬೇಕಾದದ್ದು ಇಳಿದಿರಲಿಲ್ಲ. ಮೇಲಕ್ಕೂ ಕೆಳಕ್ಕೂ ಜಿಗಿಯುವ ದರಗಳ ಅನುಪಾತ ಆಯಾ ಕ್ಷಣದ ಅಂತರಕ್ಕೆ ಹೊಂದದಿದ್ದರೆ ಪ್ರಮೇಯದ ಆಧಾರವೇ ಹೋಯಿತು.

ಬೇಗದ ಓಟದಲ್ಲಿ ತಪ್ಪು ಯಾಕೆ ಕಾಣಲಿಲ್ಲ ಎಂದರೆ, ಜಿಗಿಯುವಷ್ಟು ಪುರುಸೊತ್ತೇ ಇರಲಿಲ್ಲ. ಬಾತ್ ಕೆಟ್ಟಿದ್ದರೂ ಯಾರೂ ಅದನ್ನು ಮಾತಾಡಿಸಲಿಲ್ಲ. ಆ 1.368 ನೋಡಿ ನಾನು ಗೈಡ್‌ಗೆ ಮೇಲ್ ಬೇರೆ ಹಾಕಿದ್ದೆ.

ಸಾಲನ್ನು ಒಳಗೆ ತಂದ ಮೇಲೆ ನಿಧಾನದ್ದೂ 1.368. ಕೆಲಸದ ಹಂಚಿಕೆ ಸಪೂರವಾಗಿ ಮೈನಸ್ 0.314 ಕೆಟಿಯ ಸುತ್ತ ನಿಂತಿತು. ಈಗ ಮಟ್ಟಗಳ ಅಂತರ ಹುಟ್ಟಿಸುವ ಕ್ಷೇತ್ರದ ದಿಕ್ಕನ್ನೂ ತಿರುಗಿಸುತ್ತಿದ್ದೇನೆ. ಅಲ್ಲಿ ಬೇಗ ತಿರುಗಿಸಿದರೂ ಜಾರ್ಜಿನ್ಸ್ಕಿಯ ಸಮತೆ ಹೊಂದುತ್ತದೆ, ಆದರೆ ಆ ವೇಗಕ್ಕೆ ನಾನು ಬಳಸಿದ ಮಾಸ್ಟರ್ ಸಮೀಕರಣವೇ (ಬಾತ್‌ಗೆ ತಾಗಿದ ಕ್ಯೂಬಿಟ್ ಹೇಗೆ ಬದಲಾಗುತ್ತದೆಂದು ಹೇಳುವ ಸಮೀಕರಣ) ಸಲ್ಲುವುದಿಲ್ಲ. ಈ ಸಲ ಮೇಲ್ ಹಾಕಿಲ್ಲ.