ಮಾತು ಕಮ್ಮಿ, ಎಸ್ಸೆಸ್ಸೆಲ್ಸಿ ಆಗಿಲ್ಲ, ಅಂಥ ಮಗನ್ನ ಕೆಲಸಕ್ಕೆ ಸೇರಿಸೋದು ಹೇಗೆ

ನಾನು ಜಾಬ್ ಕೋಚ್. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರೋ ಹುಡುಗ್ರು ಹುಡುಗೀರ ಜೊತೆ ಅವರ ಕೆಲಸದ ಜಾಗಕ್ಕೇ ಹೋಗಿ, ಪಕ್ಕದಲ್ಲೇ ನಿಂತು ಕಲಿಸೋದು ನನ್ನ ಕೆಲಸ. ಹತ್ರತ್ರ ಎಲ್ಲಾ ಅಪ್ಪ ಅಮ್ಮಂದಿರೂ ಒಂದೇ ಮಾತು ಹೇಳ್ತಾರೆ, "ಇನ್ನೊಂದ್ ವರ್ಷ ಟ್ರೈನಿಂಗ್ ಆಗ್ಲಿ ಮೇಡಂ, ಪೂರ್ತಿ ರೆಡಿ ಆದ್ಮೇಲೆ ನೋಡೋಣ" ಅಂತ. ದಯವಿಟ್ಟು ಕಾಯ್ಬೇಡಿ. ಹತ್ತು ವರ್ಷ ಕ್ಲಾಸಲ್ಲಿ ಕೂತು ಪೇಪರ್ ಕವರ್ ಅಂಟಿಸಿದ ಹುಡುಗಂಗೆ ಹೋಟೆಲಲ್ಲಿ ಟೇಬಲ್ ಒರೆಸೋದು ತಾನಾಗೇ ಬರಲ್ಲ, ಯಾಕಂದ್ರೆ ಒಂದು ಜಾಗದಲ್ಲಿ ಕಲಿತಿದ್ದನ್ನ ಇನ್ನೊಂದು ಜಾಗಕ್ಕೆ ಹೊತ್ಕೊಂಡು ಹೋಗೋದೇ ಈ ಮಕ್ಕಳಿಗೆ ಕಷ್ಟ. ಅದಕ್ಕೇ ಮೊದ್ಲು ಕೆಲಸ, ಆಮೇಲೆ ಅಲ್ಲೇ ಟ್ರೈನಿಂಗ್. ಇದಕ್ಕೆ ಸಪೋರ್ಟೆಡ್ ಎಂಪ್ಲಾಯ್ಮೆಂಟ್ ಅಂತಾರೆ. ಅಮೆರಿಕದಲ್ಲಿ 1986ರಲ್ಲೇ ಇದನ್ನ ಕಾನೂನಿಗೆ ಸೇರಿಸಿದ್ರು, ಕೋಚ್ ಖರ್ಚು ಸರ್ಕಾರ ನೋಡ್ಕೊಳ್ಳುತ್ತೆ. ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ಎನ್‌ಜಿಒಗಳ ಮೇಲೇ ಬಿದ್ದಿದೆ.

ಮೊದ್ಲು ಪೇಪರ್ ಕೆಲಸ ಮುಗಿಸ್ಕೊಳ್ಳಿ. ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ, ಇಲ್ಲಾಂದ್ರೆ ಮಾಡಿಸಿ. ವೈಕಲ್ಯ 40% ಅಥವಾ ಅದಕ್ಕಿಂತ ಜಾಸ್ತಿ ಇದ್ರೇನೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿರೋ 4% ಸರ್ಕಾರಿ ಕೆಲಸದ ಮೀಸಲಾತಿಗೆ ಲೆಕ್ಕ, ಅದ್ರಲ್ಲೂ ಆಟಿಸಂ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ ಇವೆಲ್ಲಾ ಸೇರಿ ಹಂಚ್ಕೋಬೇಕಾಗಿರೋದು 1%, ಹಾಗಾಗಿ ಅದನ್ನೇ ನಂಬ್ಕೊಂಡು ಕೂರ್ಬೇಡಿ. ಹಳ್ಳಿಲಿದ್ರೆ ಪಂಚಾಯ್ತಿಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರ್ತಾರೆ, ತಾಲ್ಲೂಕಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಅಂಗವಿಕಲರಿಗೆ ಸಹಾಯ ಮಾಡೋದೇ ಇವ್ರ ಕೆಲಸ, ಅವ್ರನ್ನ ಹಿಡೀರಿ. ಬೆಂಗಳೂರಲ್ಲಾದ್ರೆ 1959ರಿಂದ ಇರೋ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ), 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ, ಇಂಥ ಎನ್‌ಜಿಒಗಳ ಕಡೆ ಹೋಗಿ ಕೇಳ್ಬೋದು.

ಮಗುಗೆ 15-16 ಆದಾಗ್ಲೇ ಮನೇಲಿ ಶುರು ಮಾಡಿ. ಸಂಬಳದ ಕೆಲಸ ಅಲ್ಲ, ಬಸ್ ಹತ್ತೋದು, ಗಡಿಯಾರ ನೋಡೋದು, ಟಾಯ್ಲೆಟ್ ಎಲ್ಲಿ ಅಂತ ಕೇಳೋದು. ಕೆಲಸ ಬರ್ದೆ ಬಿಟ್ಟೋರಿಗಿಂತ ಇವೆಲ್ಲಾ ಬರ್ದೆ ಬಿಟ್ಟೋರನ್ನೇ ನಾನು ಜಾಸ್ತಿ ನೋಡಿರೋದು. ಒಂದು ವಾರ ಒಂದು ಡೈರಿ ಇಡಿ, ಅವ್ನು ಯಾವ್ದನ್ನ ಯಾರೂ ಹೇಳ್ದೆ ಮಾಡ್ತಾನೆ, ಯಾವ ಹೊತ್ತಲ್ಲಿ ಖುಷಿಯಾಗಿರ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಕೊಳ್ತಾನೆ ಅಂತ. ಬಯೋಡೇಟಾಗಿಂತ ಅದು ನಮಗೆ ಉಪಯೋಗಕ್ಕೆ ಬರುತ್ತೆ.

ಓನರ್ ಹತ್ರ ಹೋದಾಗ "ಏನಾದ್ರೂ ಕೆಲಸ ಕೊಡಿ ಸಾರ್" ಅನ್ಬೇಡಿ. ಅರ್ಧ ಗಂಟೆ ಸುಮ್ನೆ ಕೂತು ನೋಡಿ, ಅಲ್ಲಿ ಯಾವ ಕೆಲಸ ದಿನಾ ಬಾಕಿ ಉಳಿತಿದೆ ಅಂತ. ನಾವೊಂದು ದರ್ಶಿನಿಲಿ ನೋಡಿದಾಗ ಕ್ಯಾಷಿಯರ್ರೇ ಮಧ್ಯೆ ಮಧ್ಯೆ ಎದ್ದು ಸ್ಪೂನ್ ಒರೆಸ್ತಿದ್ರು, ನಮ್ ಹುಡುಗ ಒಬ್ಬಂಗೆ ಅದನ್ನೇ ಕೇಳಿದ್ವಿ, ಸಿಕ್ತು. ಇನ್ನೊಂದ್ ಕಡೆ ಏನಾಯ್ತು ಅಂದ್ರೆ, ಓನರ್ ಒಳ್ಳೇ ಮನಸ್ಸಿಂದಾನೇ "ಕೂತಿರ್ಲಿ ಬಿಡಿ ಮೇಡಂ, ತಿಂಗ್ಳಿಗೆ ಏನೋ ಕೊಡ್ತೀವಿ" ಅಂದ್ರು. ನಾನು ಒಪ್ಕೊಂಡೆ, ನನ್ನದೇ ತಪ್ಪು, ಮೂರೇ ವಾರಕ್ಕೆ ಆ ಹುಡುಗಿ ಬರಲ್ಲ ಅಂದ್ಲು. ಸುಮ್ನೆ ಕೂರೋದು ಯಾರಿಗೆ ಬೇಕು ಹೇಳಿ.

ಆ ಸ್ಪೂನ್ ಹುಡುಗಂಗೆ ಬೆಳಿಗ್ಗೆ ಎಂಟೂವರೆ ಟಿಫನ್ ರಶ್ಶು, ಮಿಕ್ಸಿ ಸದ್ದು ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ, ಶಿಫ್ಟ್ ಹತ್ತೂವರೆಗೆ ಹಾಕಿಸಿದ್ವಿ, ಸರಿಹೋಯ್ತು. ಕಾಯ್ದೆಲಿ ರೀಸನಬಲ್ ಅಕಾಮಡೇಶನ್ ಅಂತ ದೊಡ್ಡ ಹೆಸರಿರೋದು ಇಂಥದ್ದಕ್ಕೇ. ಕೆಲಸಾನ ಸಣ್ಣ ಸಣ್ಣ ತುಂಡು ಮಾಡಿ ಫೋಟೋ ತೆಗ್ದು ಗೋಡೆಗೆ ಅಂಟಿಸಿದ್ವಿ: ಟ್ರೇ ತಗೋ, ನೀರು ಬಸಿ, ಒಣ ಬಟ್ಟೆ, ಒರೆಸು, ಡಬ್ಬಿಗೆ ಹಾಕು. ಆದ್ರೂ ಒಂದು ಕಡೆ ಸಿಕ್ಕಾಕ್ಕೊಳ್ತಿದ್ದ, ಒದ್ದೆ ಬಟ್ಟೇಲೇ ಒರೆಸೋನು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಕೊನೆಗೆ ಒಣ ಬಟ್ಟೆ ಹಳದಿ ಮಾಡಿದ್ವಿ, ಫೋಟೋದಲ್ಲೂ ಹಳದಿ, ಎರಡನೇ ದಿನದಿಂದ ತಪ್ಪೇ ಇಲ್ಲ.

ಸಂಬಳ ಎಷ್ಟು ಅಂತ ಮೊದಲ್ನೇ ದಿನಾನೇ ಮಾತಾಡಿ, ಅವ್ನದೇ ಅಕೌಂಟಿಗೆ ಬರ್ಲಿ. 18 ತುಂಬಿದ್ಮೇಲೆ ಕೆಲವು ಬ್ಯಾಂಕಲ್ಲಿ ಗಾರ್ಡಿಯನ್‌ಶಿಪ್ ಪತ್ರ ಕೇಳ್ತಾರೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರೋರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಡಿಸಿ ಅಧ್ಯಕ್ಷರಾಗಿರೋ ಸಮಿತಿ ಅದನ್ನ ಕೊಡುತ್ತೆ. ಮಾಸಾಶನ ಬರ್ತಿದ್ರೆ ಸಂಬಳದಿಂದ ಏನಾದ್ರೂ ತೊಂದ್ರೆ ಆಗುತ್ತಾ ಅಂತ ನಾಡಕಚೇರೀಲಿ ಮೊದ್ಲೇ ಕೇಳ್ಕೊಳ್ಳಿ.

ಕೋಚ್ ಮೊದಲ ವಾರ ಪೂರ್ತಿ ಪಕ್ಕದಲ್ಲಿರ್ಬೇಕು, ಆಮೇಲೆ ದಿನಕ್ಕೆ ಒಂದು ಗಂಟೆ, ಆಮೇಲೆ ವಾರಕ್ಕೊಂದ್ಸಲ. ಕೋಚ್ ದೂರ ಸರೀತಾ ಸರೀತಾ ಅಲ್ಲಿರೋ ಒಬ್ರು ಹತ್ರ ಬರ್ಬೇಕು, ಮ್ಯಾನೇಜರ್ರೇ ಆಗ್ಬೇಕಂತಿಲ್ಲ. ನಮ್ ಹುಡುಗಂಗೆ ಆಗಿದ್ದು ದೋಸೆ ಹುಯ್ಯೋ ಅಣ್ಣ. ಆಮೇಲೆ ಮನೆಯವ್ರೂ ಹೋಟೆಲ್ ಬಾಗ್ಲಲ್ಲಿ ನಿಂತ್ಕೊಳ್ಳೋದು ಬಿಡ್ಬೇಕು, ಇದನ್ನ ಹೇಳಿದ್ರೆ ಬೇಜಾರ್ ಮಾಡ್ಕೊಳ್ತೀರ, ಗೊತ್ತು. ಅಣ್ಣ ಊರಿಗೆ ಹೋದಾಗ, ಸೂಪರ್‌ವೈಸರ್ ಬದಲಾದಾಗ, ಟ್ರೇ ಇಡೋ ಜಾಗ ಬದಲಾದ್ರೂ ಸರಿ, ಎರಡು ದಿನಕ್ಕೆ ಕೋಚ್‌ನ ವಾಪಸ್ ಕರೆಸ್ಕೊಳ್ಳಿ. ನಂಬರ್ ಡಿಲೀಟ್ ಮಾಡ್ಬೇಡಿ.